ಸನದು ಯಾರ ಕೈಯಾಗ, ಸಾಲಿ ಯಾರ ಕೇರ್‍ಯಾಗ?

ಮಾಸ್ತರರು ಪಾಠ ಹೇಳಿ ಬದುಕ್ತಾರೆ ಅಂತ ನಾವೆಲ್ಲ ತಿಳಿದಿದ್ದೇವೆ. ಆದರೆ ಅವರನ್ನು ನೇಮಿಸುವುದು, ಕಾಯಂ ಮಾಡುವುದು, ಬಡ್ತಿ ಕೊಡುವುದು, ಕಡೆಗೆ ಮನೆಗೆ ಕಳಿಸುವುದು ಕೆಲವೇ ಕೆಲವು ಶಬ್ದಗಳು. ಅರ್ಹತೆ, ತರಬೇತಿ, ಪ್ರಮಾಣಪತ್ರ, ದುರ್ನಡತೆ, ಅಮಾನತು, ವಜಾ. ಈ ಶಬ್ದಗಳು ಆಕಾಶದಿಂದ ಉದುರಿದವಲ್ಲ. ಒಬ್ಬೊಬ್ಬ ಅರಸ, ಒಂದೊಂದು ಸರಕಾರ ಇವನ್ನು ತಂದು ನಮ್ಮ ಸಾಲಿಯ ಬಾಗಿಲಿಗೆ ಬಡಿದು ಹೋದ. ಮೊಳೆ ಬಡಿದವರು ಹೋದರು, ಮೊಳೆ ಉಳಿದವು. ಅವನ್ನು ಒಂದೊಂದಾಗಿ ಕಿತ್ತು ನೋಡಬೇಕಾದ ಹೊತ್ತು ಈಗ ಬಂದಿದೆ. ಯಾಕಂದ್ರ ಇಪ್ಪತ್ತು ವರ್ಷ ಪಾಠ ಹೇಳಿದ ಮಾಸ್ತರರಿಗೂ 2025ರಲ್ಲಿ ಒಂದು ಪ್ರಶ್ನೆ ಬಂತು: ನೀನು ಅರ್ಹನೋ ಅಲ್ಲವೋ?

ಈ ಚರಿತ್ರೆಯನ್ನು ರಾಯಚೂರು ಜಿಲ್ಲೆಯ ಮಾನ್ವಿ ತಾಲೂಕಿನ ಚೀಕಲಪರ್ವಿಯಿಂದ ಶುರು ಮಾಡೋಣ. ತುಂಗಭದ್ರೆಯ ದಂಡೆಯ ಊರು. ವಿಜಯದಾಸರು ಹುಟ್ಟಿದ ಊರು ಅಂತ ಹೆಸರಾಗಿದೆ. ಸರಕಾರಿ ಸಾಲಿ ಹುಟ್ಟುವುದಕ್ಕೆ ಬಹಳ ಮೊದಲೇ, ಕಲಿಸುವ ಅಧಿಕಾರ ಯಾರಿಗೆ ಅನ್ನುವ ಜಗಳ ಈ ಸೀಮೆಯಲ್ಲಿ ನಡೆದುಹೋಗಿದೆ.

ಅಂಕಿತ ಮತ್ತು ವೃತ್ತಿ

ವಿಜಯದಾಸರು ತೀರಿಕೊಂಡದ್ದು 1755ರಲ್ಲಿ. ಬಡ ಬ್ರಾಹ್ಮಣ ಮನೆಯ ದಾಸಪ್ಪ ಕಾಶಿಗೆ ಹೋದಾಗ ಕನಸಿನಲ್ಲಿ ಪುರಂದರದಾಸರು ಬಂದು ಅಂಕಿತ ಕೊಟ್ಟರು ಎಂದು ದಾಸ ಪರಂಪರೆ ಹೇಳುತ್ತದೆ. ಅಂಕಿತ ಅಂದರೆ ಹೆಸರಿನ ಮುದ್ರೆ. ಅದು ಸಿಕ್ಕ ಮೇಲೆ ಹಾಡು ಕಟ್ಟಬಹುದು, ಜನರ ನಡುವೆ ನಿಂತು ಹೇಳಬಹುದು. ಇವತ್ತಿನ ಮಾತಿನಲ್ಲಿ ಅದೊಂದು ಪ್ರಮಾಣಪತ್ರ. ಗುರು ಕೊಡಬೇಕು, ಶಿಷ್ಯ ತಗೋಬೇಕು.

ಅದೇ ಮಾನ್ವಿ ತಾಲೂಕಿನ ಬ್ಯಾಗವಾಟದ ಶ್ರೀನಿವಾಸಾಚಾರ್ಯರು ದೊಡ್ಡ ಸಂಸ್ಕೃತ ಪಂಡಿತರು. ಕನ್ನಡದಲ್ಲಿ ಹಾಡಿಕೊಂಡು ತಿರುಗುವ ವಿಜಯದಾಸರನ್ನು ಅವರು ಹಗುರಾಗಿ ಕಂಡರಂತೆ. ಆಮೇಲೆ ಹೊಟ್ಟೆನೋವು ಬಂದು, ಸೋತು, ವಿಜಯದಾಸರ ಶಿಷ್ಯ ಗೋಪಾಲದಾಸರಿಂದ ದೀಕ್ಷೆ ಪಡೆದು ಜಗನ್ನಾಥದಾಸರಾದರು ಅಂತ ಕತೆ. ಕತೆಯೊಳಗಿನ ಹೊಟ್ಟೆನೋವು ನಿಜವೋ ಸುಳ್ಳೋ, ಜಗಳ ಮಾತ್ರ ನಿಜ. ಸಂಸ್ಕೃತ ಬಲ್ಲವನಿಗೆ ಮಾತ್ರ ಕಲಿಸುವ ಹಕ್ಕೋ, ಕನ್ನಡದಲ್ಲಿ ಹೇಳುವವನಿಗೂ ಹಕ್ಕೋ? ಇದು ಆ ಜಗಳ. ಕನ್ನಡ ಗೆದ್ದಿತು. ನಮ್ಮ ಮಟ್ಟಿಗೆ ಅದು ಸಣ್ಣ ಗೆಲುವಲ್ಲ.

ಆದರೆ ಆ ಗೆಲುವು ಊರೊಳಗೇ ನಿಂತಿತು. ಅಗಸೆ ದಾಟಿ ಮಾದಿಗರ ಕೇರಿಗೆ, ಹೊಲೆಯರ ಕೇರಿಗೆ ಬರಲಿಲ್ಲ. ಹಾಡು ಕೇಳಿಬಂತು, ಅಕ್ಷರ ಬರಲಿಲ್ಲ. ಮಾತು ಕನ್ನಡವಾದರೂ ಮುದ್ರೆ ಒತ್ತುವ ಕೈ ಬದಲಾಗಲಿಲ್ಲ.

ಇನ್ನೂ ಹಿಂದಕ್ಕೆ ಹೋದರೆ ವೃತ್ತಿ ಅನ್ನುವ ಶಬ್ದ ಸಿಗುತ್ತದೆ. ಇವತ್ತು ನಾವು ಶಿಕ್ಷಕ ವೃತ್ತಿ, ವೃತ್ತಿಪರ ಮಾನದಂಡ ಅಂತೆಲ್ಲ ಬರೀತೇವೆ. ಶಾಸನಗಳಲ್ಲಿ ವೃತ್ತಿ ಅಂದರೆ ಅಗ್ರಹಾರದ ಬ್ರಾಹ್ಮಣರಿಗೆ ಹಂಚಿದ ಭೂಮಿಯ ಪಾಲು. ಚಿತ್ತಾಪುರದ ಹತ್ತಿರದ ನಾಗಾವಿಯ 1058ರ ಶಾಸನ ಅಲ್ಲಿದ್ದ ಘಟಿಕಾಸ್ಥಾನದ ಲೆಕ್ಕ ಕೊಡುತ್ತದೆ. ಇನ್ನೂರು ಮಂದಿ ವೇದ ಓದುವವರು, ಅವರಿಗೆ ಉಪಾಧ್ಯಾಯರು, ಪುಸ್ತಕ ಕಾಯುವ ಸರಸ್ವತೀ ಭಂಡಾರಿಗರು. ಇವರೆಲ್ಲರಿಗೂ ಭೂಮಿ. ನಮ್ಮ ಕಲಬುರಗಿ ಸೀಮೆಯಲ್ಲಿ ಅಂಥಾ ವಿದ್ಯಾಕೇಂದ್ರ ಇತ್ತು ಅಂತ ಹೆಮ್ಮೆಯಿಂದ ಹೇಳುವವರಿದ್ದಾರೆ. ಹೇಳಲಿ. ಆ ಭೂಮಿಯನ್ನು ಉತ್ತವರು ಯಾರು, ಅವರ ಮಕ್ಕಳು ಎಲ್ಲಿ ಕೂತು ಓದಿದರು ಅಂತ ಕೇಳುವುದು ನಮ್ಮ ಕೆಲಸ. ಕಲಿಸುವವನ ಅರ್ಹತೆ ಹುಟ್ಟಿನಲ್ಲೇ ಇತ್ತು, ಸಂಬಳ ಹೊಲದಲ್ಲಿತ್ತು, ಬೆವರು ಬೇರೆಯವರದಿತ್ತು.

ಕಂಪನಿ ಸರಕಾರದ ಸರ್ಟಿಫಿಕೇಟು

ಹುಟ್ಟಿನ ಅರ್ಹತೆಯ ಜಾಗಕ್ಕೆ ಕಾಗದದ ಅರ್ಹತೆ ಬಂದದ್ದು ಕಂಪನಿ ಸರಕಾರದ ಕಾಲಕ್ಕೆ. 1854ರ ವುಡ್ ಸಾಹೇಬರ ಶಿಕ್ಷಣ ಆಜ್ಞಾಪತ್ರ ಮಾಸ್ತರರಿಗೆ ತರಬೇತಿ ಶಾಲೆ ಇರಬೇಕು, ಪರೀಕ್ಷೆ ಮಾಡಿ ಸರ್ಟಿಫಿಕೇಟು ಕೊಡಬೇಕು ಎಂದಿತು. ಧಾರವಾಡದಲ್ಲಿ ನಾರ್ಮಲ್ ಸ್ಕೂಲ್ ಬಂತು. ಡೆಪ್ಯೂಟಿ ಚನ್ನಬಸಪ್ಪನವರಂಥವರು ಅದನ್ನು ನಡೆಸಿ ಕನ್ನಡ ಮಾಸ್ತರರ ಪೀಳಿಗೆಯನ್ನೇ ಕಟ್ಟಿದರು. ಆ ದುಡಿಮೆಗೆ ಗೌರವ ಸಲ್ಲಬೇಕು.

ಆದರೆ ಅದೇ ಧಾರವಾಡದಲ್ಲಿ, 1856ರ ಜೂನ್ ತಿಂಗಳಲ್ಲಿ, ಒಬ್ಬ ಮಹಾರ್ ಹುಡುಗ ಸರಕಾರಿ ಸಾಲಿಗೆ ಸೇರಿಸಿಕೊಳ್ಳಿರಿ ಅಂತ ಅರ್ಜಿ ಕೊಟ್ಟ. ಸಾಲಿಗೆ ಸೇರಿಸಲಿಲ್ಲ. ಅರ್ಜಿ ಮುಂಬಯಿ ಸರಕಾರದವರೆಗೆ ಹೋಯಿತು. ಅಲ್ಲೂ ಇಲ್ಲವೆಂದರು. ಒಬ್ಬನನ್ನು ಸೇರಿಸಿಕೊಂಡರೆ ಮೇಲುಜಾತಿಯ ಮಕ್ಕಳೆಲ್ಲ ಬಿಟ್ಟುಹೋಗ್ತಾರ, ಸಾಲಿ ಖಾಲಿ ಆಗ್ತದ ಅನ್ನುವುದು ಅವರ ಲೆಕ್ಕ. ಸಂಗತಿ ಕಲಕತ್ತೆಗೂ ಲಂಡನ್ನಿಗೂ ಹೋಯಿತು. ಅಲ್ಲಿಯವರು ಈ ನಿರಾಕರಣೆಯನ್ನು ಒಪ್ಪಲಿಲ್ಲ. 1858ರಲ್ಲಿ, ಸರಕಾರವೇ ಪೂರಾ ಖರ್ಚು ಕೊಡುವ ಸಾಲಿಗಳು ಎಲ್ಲ ವರ್ಗದವರಿಗೂ ತೆರೆದಿರತಕ್ಕದ್ದು ಎಂಬ ಘೋಷಣೆ ಹೊರಟಿತು. ಎಪ್ಪತ್ತು ವರ್ಷದ ಮೇಲೆ, 1928ರಲ್ಲಿ, ಬಾಬಾಸಾಹೇಬ ಅಂಬೇಡ್ಕರರು ಸೈಮನ್ ಆಯೋಗಕ್ಕೆ ಬರೆದ ಹೇಳಿಕೆಯಲ್ಲಿ ಈ ಧಾರವಾಡದ ಹುಡುಗನನ್ನು ಎತ್ತಿ ನಿಲ್ಲಿಸಿದರು. ಘೋಷಣೆ ಒಂದು ಕಡೆ, ನಡೆದದ್ದು ಒಂದು ಕಡೆ ಅನ್ನುವುದಕ್ಕೆ ಅದು ಸಾಕ್ಷಿ.

ಈಗ ಎರಡು ಸಂಗತಿಯನ್ನು ಒಟ್ಟಿಗೆ ಇಟ್ಟು ನೋಡಿರಿ. 1854ರಲ್ಲಿ ಮಾಸ್ತರರಿಗೆ ಸರ್ಟಿಫಿಕೇಟು ಬಂತು. 1856ರಲ್ಲಿ ಹುಡುಗನಿಗೆ ಬಾಗಿಲು ಮುಚ್ಚಿತು. ಬಾಗಿಲು ಮುಚ್ಚಿದ್ದರಿಂದ ಯಾವ ಮಾಸ್ತರರ ಅರ್ಹತೆಯೂ ಕಡಿಮೆಯಾಗಲಿಲ್ಲ. ಎಲ್ಲ ಮಕ್ಕಳನ್ನೂ ಒಳಗೆ ಕರೆದು ಕೂಡ್ರಿಸುವುದು ಮಾಸ್ತರಿಕೆಯ ಅರ್ಹತೆಯಲ್ಲಿ ಸೇರಿರಲೇ ಇಲ್ಲ. ಈ ಮಾತನ್ನು ನೆನಪಿನಲ್ಲಿಡಿರಿ, ಕಡೆಗೆ ಮತ್ತೆ ಬೇಕಾಗುತ್ತದೆ.

ಆ ಕಾಲಕ್ಕೆ ನಮ್ಮ ರಾಯಚೂರು ದೋಆಬ ಕೂಡ ಬ್ರಿಟಿಷರ ಕೈಯಲ್ಲಿತ್ತು. ನಿಜಾಮರು ಸಾಲದ ಬಾಬ್ತು 1853ರಲ್ಲಿ ಅದನ್ನು ವಹಿಸಿಕೊಟ್ಟಿದ್ದರು. 1860ರಲ್ಲಿ ತಿರುಗಿ ನಿಜಾಮರಿಗೆ ಬಂತು. ಅಲ್ಲಿಂದ ಸುಮಾರು ತೊಂಬತ್ತು ವರ್ಷ ನಮ್ಮ ಸಾಲಿಯ ಶಬ್ದಕೋಶವೇ ಬೇರೆಯಾಯಿತು.

ಮುಲ್ಕಿ: ಒಂದೇ ಶಬ್ದ, ಎರಡು ಸೀಮೆ

1884ರಲ್ಲಿ ಹೈದರಾಬಾದ್ ಸಂಸ್ಥಾನದ ಆಡಳಿತಕ್ಕೆ ಫಾರ್ಸಿ ಹೋಗಿ ಉರ್ದು ಬಂತು. ಪ್ರಾಥಮಿಕ ಸಾಲಿ ತಹತಾನಿಯಾ, ಮಾಧ್ಯಮಿಕ ಸಾಲಿ ವಸ್ತಾನಿಯಾ, ಹೈಸ್ಕೂಲು ಫೌಖಾನಿಯಾ. ಮಾಸ್ತರರು ಮುದರ್ರಿಸ್, ಹಿರಿಯ ಮಾಸ್ತರರು ಸದರ್ ಮುದರ್ರಿಸ್. ಸುತ್ತೋಲೆಗೆ ಗಷ್ತಿ. ಮನೆಯಲ್ಲಿ ಕನ್ನಡ ಆಡುವ ಹುಡುಗ ಮೇಲೇರಬೇಕಾದರೆ ಉರ್ದುವಿನ ಏಣಿ ಹತ್ತಬೇಕು. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯ ದೇಶಭಾಷೆಯೊಂದರಲ್ಲಿ ಉಚ್ಚ ಶಿಕ್ಷಣ ಕೊಟ್ಟಿತು. ಅದು ದೊಡ್ಡ ಸಾಹಸ ಹೌದು. ಆದರೆ ತುಂಗಭದ್ರೆಯ ದಂಡೆಯ ಒಕ್ಕಲಿಗನಿಗೂ ಕೂಲಿಯವನಿಗೂ ಆ ದೇಶಭಾಷೆ ತಮ್ಮ ಭಾಷೆಯಾಗಿರಲಿಲ್ಲ.

ಇಲ್ಲಿ ಮುಲ್ಕಿ ಅನ್ನುವ ಶಬ್ದವನ್ನು ನೋಡಬೇಕು. ಮುಲ್ಕ್ ಅಂದರೆ ನಾಡು. ಮುಂಬಯಿ ಕರ್ನಾಟಕದಲ್ಲಿ ಮುಲ್ಕಿ ಅಂದರೆ ಏಳನೇ ಇಯತ್ತೆಯ ಪರೀಕ್ಷೆ. ಮುಲ್ಕಿ ಪಾಸಾದವರು ಕನ್ನಡ ಸಾಲಿ ಮಾಸ್ತರರಾಗಬಹುದಿತ್ತು. ಬಡವರ ಮನೆಯ ಎಷ್ಟೋ ಮಂದಿ ಹಾಗೇ ಮಾಸ್ತರರಾದರು. ಹೈದರಾಬಾದ್ ಸೀಮೆಯಲ್ಲಿ ಮುಲ್ಕಿ ಅಂದರೆ ಸಂಸ್ಥಾನದ ನಿವಾಸಿ. 1919ರ ಫರ್ಮಾನಿನ ಪ್ರಕಾರ ಸರಕಾರಿ ನೌಕರಿ ಮುಲ್ಕಿಗಳಿಗೆ. ಹೊರಗಿನಿಂದ ಬಂದವನು ಮುಲ್ಕಿ ಅನ್ನಿಸಿಕೊಳ್ಳಲು ಕನಿಷ್ಠ 15 ವರ್ಷ ಇಲ್ಲೇ ಇದ್ದಿರಬೇಕು, ಹಿಂದಿರುಗಿ ಹೋಗುವ ವಿಚಾರ ಬಿಟ್ಟಿರಬೇಕು. ನದಿಯ ಆ ಕಡೆ ನೀನು ಏನು ಓದೀ ಅಂತ ಕೇಳಿದ ಶಬ್ದ, ಈ ಕಡೆ ನೀನು ಎಲ್ಲಿಯವ ಅಂತ ಕೇಳಿತು. ಶಬ್ದಕ್ಕೆ ತನ್ನದೇ ಅರ್ಥ ಇರುವುದಿಲ್ಲ. ಅದನ್ನು ಯಾರು ಯಾತಕ್ಕೆ ಬಳಸುತ್ತಾರೋ ಅದೇ ಅದರ ಅರ್ಥ.

ಸನದು ಕೂಡ ಹಾಗೇ. ನಮ್ಮ ಸೀಮೆಯಲ್ಲಿ ಸನದು ಅಂದ ಕೂಡಲೇ ನೆನಪಾಗುತ್ತಿದ್ದುದು ಜಾಗೀರದಾರ, ಇನಾಮದಾರರ ಕಾಗದ. ಭೂಮಿ ನಿನ್ನದು ಅನ್ನುವ ರಾಜಮುದ್ರೆ. ಅದೇ ಶಬ್ದ ವಕೀಲರಿಗೂ ಬಂತು. ಜಾಗೀರು 1949ರಲ್ಲಿ ರದ್ದಾದವು. ಸನದು ಅನ್ನುವ ಶಬ್ದದೊಳಗಿನ ಮೆರವಣಿಗೆ ರದ್ದಾಗಲಿಲ್ಲ. ಕಾಗದ ಇದ್ದವನು ಧಣಿ, ಇಲ್ಲದವನು ಆಳು ಅನ್ನುವ ಬುದ್ಧಿ ಉಳಿಯಿತು.

ಖಾಸಗಿ ಸಾಲಿ ತೆರೆಯಬೇಕಾದರೂ ನಿಜಾಮ ಸರಕಾರದ ಪರವಾನಿಗಿ ಬೇಕಾಗಿತ್ತು. ಸಾಲಿ ಅಂದರೆ ನಾಲ್ಕು ಮಂದಿ ಕೂಡುವ ಜಾಗ. ಮಂದಿ ಕೂಡಿದರೆ ಮಾತು, ಮಾತು ಬೆಳೆದರೆ ಚಳವಳಿ. ಆ ಭಯದಲ್ಲೂ 1920ರ ದಶಕದಲ್ಲಿ ಪಂಡಿತ ತಾರಾನಾಥರು ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆ ಕಟ್ಟಿದರು. ಹಮ್‌ದರ್ದ್ ಅಂದರೆ ನೋವಿನಲ್ಲಿ ಪಾಲುದಾರ. ಕೊನೆಗೆ ತಾರಾನಾಥರು ನಿಜಾಮ ಸೀಮೆ ಬಿಡಬೇಕಾಯಿತು. ಪರವಾನಿಗಿ ಅನ್ನುವ ಶಬ್ದ ಗುಣಮಟ್ಟವನ್ನು ಕಾಯುತ್ತದೆ ಅಂತ ಯಾರಾದರೂ ಹೇಳಿದರೆ ಈ ಚರಿತ್ರೆಯನ್ನೂ ಅವರಿಗೆ ಹೇಳಿರಿ. ಅದು ಕಾವಲಿಗೂ ಬರುತ್ತದೆ, ಕಣ್ಗಾವಲಿಗೂ ಬರುತ್ತದೆ.

ಅಮಾನತು, ವಜಾ, ಹಂಗಾಮಿ

1948ರ ಸೆಪ್ಟೆಂಬರ್ 17ರಂದು ನಿಜಾಮರ ಆಳ್ವಿಕೆ ಮುಗಿಯಿತು. 1956ರ ನವೆಂಬರ್ 1ರಂದು ರಾಯಚೂರು ವಿಶಾಲ ಮೈಸೂರಿಗೆ ಸೇರಿತು. ಆವತ್ತು ಭೂಮಿಯ ಜೊತೆಗೆ ಮಾಸ್ತರರೂ ಸೇರಿದರು. ಮುಂಬಯಿಯವರು, ಹೈದರಾಬಾದಿನವರು, ಮದರಾಸಿನವರು, ಕೊಡಗಿನವರು, ಹಳೆ ಮೈಸೂರಿನವರು. ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಕಾಗದ. ಯಾರ ಪರೀಕ್ಷೆ ಯಾರದಕ್ಕೆ ಸಮ? ಯಾರು ಹಿರಿಯರು? ರಾಜ್ಯ ಪುನರ್ವಿಂಗಡಣಾ ಕಾಯಿದೆಯ 115ನೇ ಕಲಮು ನೌಕರರ ಹಂಚಿಕೆಯ ಸಂಗತಿ ಹೇಳಿತು. ಕೇಂದ್ರ ಸರಕಾರದ ಮುಂಗಡ ಒಪ್ಪಿಗೆ ಇಲ್ಲದೆ ಅವರ ಸೇವಾ ಷರತ್ತುಗಳನ್ನು ಅವರಿಗೆ ನಷ್ಟವಾಗುವಂತೆ ಬದಲಿಸಬಾರದು ಎಂದಿತು. ಕೆಲಸಕ್ಕೆ ಸೇರುವಾಗ ಕೊಟ್ಟ ಮಾತನ್ನು ನಡುವೆ ತಿರುಚಬಾರದು ಅನ್ನುವ ನ್ಯಾಯ ಅದರಲ್ಲಿದೆ. ಈ ನ್ಯಾಯವೂ ಕಡೆಗೆ ಬೇಕಾಗುತ್ತದೆ.

ಸರಕಾರ ಕನ್ನಡದ್ದಾಯಿತು. ಶಿಕ್ಷೆಯ ಶಬ್ದಗಳು ಮಾತ್ರ ದರ್ಬಾರಿನವೇ ಉಳಿದವು. ಅಮಾನತು ಅಂದರೆ ಮೂಲದಲ್ಲಿ ನಂಬಿ ಇಟ್ಟ ಒಡವೆ. ಮಾಸ್ತರರನ್ನು ಅಮಾನತಿನಲ್ಲಿಟ್ಟರು ಅಂದರೆ ನಂಬಿಕೆ ಹೋಯಿತು ಅಂತ ಅರ್ಥ! ವಜಾ ಅಂದರೆ ಲೆಕ್ಕದಲ್ಲಿ ಕಳೆಯುವುದು. ಮನುಷ್ಯನನ್ನು ರೊಕ್ಕದ ಹಾಗೆ ಕಳೆದುಬಿಡುತ್ತಾರೆ. ಹಂಗಾಮಿ ಅಂದರೆ ಹಂಗಾಮಿನವ. ಮುಂಗಾರಿ ಹಂಗಾಮು, ಹಿಂಗಾರಿ ಹಂಗಾಮು ಇದ್ದ ಹಾಗೆ ಮಾಸ್ತರರಿಗೂ ಒಂದು ಹಂಗಾಮು. ಜೋಳ ಕೊಯ್ದ ಮೇಲೆ ಕೂಲಿಯವನನ್ನು ಯಾರು ಕೇಳ್ತಾರ?

ಇದಕ್ಕೆ ತಡೆಗೋಡೆಯೂ ಬಂತು ಅನ್ನುವುದನ್ನು ಮರೆಯಬಾರದು. ಸರಕಾರಿ ನೌಕರರಿಗೆ ಸಂವಿಧಾನದ 311ನೇ ವಿಧಿ ಇದೆ. ವಿಚಾರಣೆ ಇಲ್ಲದೆ, ಆರೋಪ ತಿಳಿಸದೆ, ಅವನ ಮಾತು ಕೇಳದೆ ವಜಾ ಮಾಡುವಂತಿಲ್ಲ. 1957ರ ವರ್ಗೀಕರಣ, ನಿಯಂತ್ರಣ, ಮೇಲ್ಮನವಿ ನಿಯಮಗಳು ಆ ವಿಚಾರಣೆಯ ದಾರಿ ಹೇಳಿದವು. ಖಾಸಗಿ ಸಂಸ್ಥೆಯ ಮಾಸ್ತರರಿಗೆ ಆ ಗೋಡೆ ಇರಲಿಲ್ಲ. ಮಠ, ಟ್ರಸ್ಟು, ಧಣಿಗಳ ಸಂಘ, ಇವರೇ ಮಾಲೀಕರು. ಬೆಳಿಗ್ಗೆ ಬಾ ಅಂದರೆ ಬರಬೇಕು, ಸಂಜೆ ಹೋಗು ಅಂದರೆ ಹೋಗಬೇಕು. 1975ರ ಖಾಸಗಿ ಶಿಕ್ಷಣ ಸಂಸ್ಥೆಗಳ ಶಿಸ್ತು ಮತ್ತು ನಿಯಂತ್ರಣ ಕಾಯಿದೆ ಅಲ್ಲಿಗೂ ವಿಚಾರಣೆ, ಮೇಲ್ಮನವಿ, ನ್ಯಾಯಮಂಡಳಿ ತಂದಿತು. 1983ರಲ್ಲಿ ಶಾಸನಸಭೆ ಒಪ್ಪಿದ ಕರ್ನಾಟಕ ಶಿಕ್ಷಣ ಕಾಯಿದೆ ಜಾರಿಯಾದದ್ದು 1995ರಲ್ಲಿ. ಅದರ 92ನೇ ಕಲಮು ಅದೇ ರಕ್ಷಣೆಯನ್ನು ಮುಂದುವರಿಸಿತು. ಒಂದು ಕಾಯಿದೆ ಪುಸ್ತಕದಿಂದ ಸಾಲಿಯವರೆಗೆ ಬರಲು ಹನ್ನೆರಡು ವರ್ಷ ಬೇಕಾಯಿತು. ಅಷ್ಟರಲ್ಲಿ ಒಂದನೇ ಇಯತ್ತೆಗೆ ಸೇರಿದ ಹುಡುಗ ಪಿಯುಸಿ ಮುಗಿಸುತ್ತಾನೆ!

ಪತ್ರದ ಅಂಗಡಿ

ಟಿ.ಸಿ.ಎಚ್. ಅನ್ನುವ ಮೂರು ಅಕ್ಷರ ಒಂದು ಕಾಲಕ್ಕೆ ಹಳ್ಳಿಯ ದಲಿತ ಹುಡುಗನಿಗೆ, ಹುಡುಗಿಗೆ ಸಂಬಳದ ನೌಕರಿಯ ಹೆಬ್ಬಾಗಿಲು. ಎರಡು ವರ್ಷ ತರಬೇತಿ, ಮೀಸಲಾತಿ, ಆಮೇಲೆ ಸಾಲಿ. ನಮ್ಮ ಕೇರಿಗಳ ಮೊದಲ ತಲೆಮಾರಿನ ಓದಿದವರಲ್ಲಿ ಮಾಸ್ತರರೇ ಹೆಚ್ಚು. ಆದುದರಿಂದ ತರಬೇತಿಯೇ ಬ್ಯಾಡ ಅನ್ನುವವರ ಜೊತೆ ನಾವಿಲ್ಲ. ಪತ್ರ ಹುಟ್ಟಿನ ಅರ್ಹತೆಯನ್ನು ಒಡೆದ ಆಯುಧ. ಕುಲ ಕೇಳದ ಪರೀಕ್ಷೆ ನಮಗೆ ಬೇಕಿತ್ತು, ಈಗಲೂ ಬೇಕು.

ಆದರೆ ಹೆಬ್ಬಾಗಿಲಿನ ಮುಂದೆ ಅಂಗಡಿ ಬಂತು. ಟಿ.ಸಿ.ಎಚ್. ಹೋಗಿ ಡಿ.ಎಡ್. ಆಯಿತು, ಡಿ.ಎಡ್. ಹೋಗಿ ಡಿ.ಎಲ್.ಎಡ್. ಆಯಿತು. 1986ರ ನೀತಿಯ ಫಲವಾಗಿ ಜಿಲ್ಲೆಗೊಂದು ಡಯಟ್ ಬಂತು, ನಮ್ಮದು ಯರಮರಸಿನಲ್ಲಿದೆ. ಅದರ ಸುತ್ತ ಖಾಸಗಿ ಕಾಲೇಜುಗಳು ಅಣಬೆಯ ಹಾಗೆ ಎದ್ದವು. 1973ರಿಂದ ಬರೀ ಸಲಹೆ ಕೊಡುತ್ತಿದ್ದ ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿಗೆ 1993ರ ಕಾಯಿದೆ ಹಲ್ಲು ಕೊಟ್ಟಿತು. 1995ರಲ್ಲಿ ಅದು ಶಾಸನಬದ್ಧ ಸಂಸ್ಥೆಯಾಯಿತು. ಮಾನ್ಯತೆ ಅನ್ನುವ ಶಬ್ದ ಅದರ ಕೈಗೆ ಬಂತು. ಆದರೂ ಸುಪ್ರೀಂ ಕೋರ್ಟು ನೇಮಿಸಿದ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಆಯೋಗ 2012ರಲ್ಲಿ ವರದಿ ಕೊಟ್ಟಾಗ, ಶಿಕ್ಷಕ ತರಬೇತಿ ಬಹುಪಾಲು ಖಾಸಗಿಯವರ ಕೈಯಲ್ಲಿದೆ, ಗುಣಮಟ್ಟ ಕೆಟ್ಟಿದೆ ಅಂತ ಹೇಳಬೇಕಾಯಿತು. ಹೊಲ ಅಡವಿಟ್ಟು ಪತ್ರ ಕೊಂಡವರು ನಮ್ಮವರು. ಕಾಲೇಜು ಕೆಟ್ಟಿತು ಅಂತ ಆಮೇಲೆ ಬೈಸಿಕೊಂಡವರೂ ನಮ್ಮವರೇ.

ತಕ್ಕದ್ದು ಯಾರಿಗೆ?

2010ರ ಏಪ್ರಿಲ್ 1ರಂದು ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣದ ಹಕ್ಕು ಕಾಯಿದೆ ಜಾರಿಗೆ ಬಂತು. ಅದರ 23ನೇ ಕಲಮು ಮಾಸ್ತರರಿಗೆ ಕನಿಷ್ಠ ಅರ್ಹತೆ ಇರತಕ್ಕದ್ದು ಎಂದಿತು. 2010ರ ಆಗಸ್ಟ್ 23ರ ಅಧಿಸೂಚನೆಯಲ್ಲಿ ಪರಿಷತ್ತು ಆ ಅರ್ಹತೆಯೊಳಗೆ ಶಿಕ್ಷಕರ ಅರ್ಹತಾ ಪರೀಕ್ಷೆಯನ್ನು, ಅಂದರೆ ಟಿಇಟಿಯನ್ನು ಸೇರಿಸಿತು. ನೂರಕ್ಕೆ 60 ಅಂಕ, ಮೀಸಲಾತಿಯವರಿಗೆ ರಿಯಾಯಿತಿ ಕೊಡಲು ಅವಕಾಶ. ಅದೇ ಅಧಿಸೂಚನೆ, ಅದಕ್ಕೂ ಮೊದಲು ನೇಮಕವಾದವರಿಗೆ ಈ ಕನಿಷ್ಠ ಅರ್ಹತೆಯ ಅಗತ್ಯವಿಲ್ಲ ಎಂದೂ ಹೇಳಿತು. ಹಳಬರು ನಿಶ್ಚಿಂತರಾದರು.

2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟಿನ ದ್ವಿಸದಸ್ಯ ಪೀಠ ಆ ನಿಶ್ಚಿಂತೆಯನ್ನು ಅಳಿಸಿತು. ಅಲ್ಪಸಂಖ್ಯಾತ ಸಂಸ್ಥೆಗಳ ಪ್ರಶ್ನೆಯನ್ನು ದೊಡ್ಡ ಪೀಠಕ್ಕೆ ಬಿಟ್ಟಿತು. ಉಳಿದ ಸಾಲಿಗಳಲ್ಲಿ, ಕಾಯಿದೆಗೆ ಮೊದಲೇ ಸೇರಿ ನಿವೃತ್ತಿಗೆ 5 ವರ್ಷಕ್ಕಿಂತ ಹೆಚ್ಚು ಉಳಿದವರು 2 ವರ್ಷದೊಳಗೆ ಟಿಇಟಿ ಪಾಸಾಗಬೇಕು, ಇಲ್ಲದಿದ್ದರೆ ಕೆಲಸ ಬಿಡಬೇಕು ಎಂದಿತು. 5 ವರ್ಷದೊಳಗೆ ನಿವೃತ್ತರಾಗುವವರು ಉಳಿಯಬಹುದು, ಆದರೆ ಬಡ್ತಿ ಇಲ್ಲ. 1956ರಲ್ಲಿ ಸೇವಾ ಷರತ್ತನ್ನು ನಡುವೆ ತಿರುಚಬಾರದು ಅಂದ ನ್ಯಾಯ ಎಲ್ಲಿ ಹೋಯಿತು? ಮಗುವಿಗೆ ಒಳ್ಳೆ ಮಾಸ್ತರ ಬೇಕು ಅನ್ನುವ ಕೋರ್ಟಿನ ಕಾಳಜಿಯನ್ನು ನಾವು ಅಲ್ಲಗಳೆಯುವುದಿಲ್ಲ. ನಮ್ಮ ಪ್ರಶ್ನೆ ಬೇರೆ. ಅದೇ ಮಗುವಿನ ಹೆಸರಿನಲ್ಲಿ ಸರಕಾರಕ್ಕೆ ಯಾವ ಪರೀಕ್ಷೆ?

ಕಾಯಿದೆಯ ಭಾಷೆಯಲ್ಲಿ ತಕ್ಕದ್ದು ಅನ್ನುವುದು ದೊಡ್ಡ ಶಬ್ದ. ಬಹುದು ಅಂದರೆ ಇಷ್ಟ, ತಕ್ಕದ್ದು ಅಂದರೆ ಕಡ್ಡಾಯ. 24ನೇ ಕಲಮು ಮಾಸ್ತರರು ಹೊತ್ತಿಗೆ ಸರಿಯಾಗಿ ಬರತಕ್ಕದ್ದು, ಪಠ್ಯ ಮುಗಿಸತಕ್ಕದ್ದು ಎನ್ನುತ್ತದೆ. ತಪ್ಪಿದರೆ ಶಿಸ್ತುಕ್ರಮ ಅಂತ ಅಲ್ಲೇ ಬರೆದಿದೆ. 25ನೇ ಕಲಮು ಮಕ್ಕಳ ಸಂಖ್ಯೆಗೆ ತಕ್ಕಷ್ಟು ಮಾಸ್ತರರನ್ನು ಸರಕಾರ ಕೊಡತಕ್ಕದ್ದು ಎನ್ನುತ್ತದೆ. ಮೊದಲು ಅದಕ್ಕೆ 6 ತಿಂಗಳ ಗಡುವು ಇತ್ತು, 2012ರ ತಿದ್ದುಪಡಿಯಲ್ಲಿ 3 ವರ್ಷ ಮಾಡಿಕೊಂಡರು. 26ನೇ ಕಲಮು ಯಾವ ಸಾಲಿಯಲ್ಲೂ ಮಂಜೂರಾದ ಹುದ್ದೆಗಳಲ್ಲಿ ನೂರಕ್ಕೆ 10ಕ್ಕಿಂತ ಹೆಚ್ಚು ಖಾಲಿ ಇರಬಾರದು ಎನ್ನುತ್ತದೆ. ತಪ್ಪಿದರೆ? ಅಲ್ಲಿ ಏನೂ ಬರೆದಿಲ್ಲ. ಮಾಸ್ತರರ ತಕ್ಕದ್ದಿಗೆ ಬೆತ್ತ ಉಂಟು, ಸರಕಾರದ ತಕ್ಕದ್ದಿಗೆ ಬೆತ್ತ ಇಲ್ಲ.

ಖಾಲಿ ಹುದ್ದೆಗೆ ಸರಕಾರ ಕಂಡುಕೊಂಡ ಶಬ್ದ ಅತಿಥಿ. ಅತಿಥಿ ಶಿಕ್ಷಕ! ಹಂಗಾಮಿಗೆ ಹಾಕಿದ ಹೊಸ ಅಂಗಿ. ನಮ್ಮ ಮನೆಗೆ ಅತಿಥಿ ಬಂದರೆ ರೊಟ್ಟಿ ಹಾಕಿ ಕೂಡ್ರಿಸುತ್ತೇವೆ. ಸಾಲಿಯ ಅತಿಥಿಗೆ ಸಂಬಳ ಅಲ್ಲ, ಗೌರವಧನ. ಜೂನಿನಲ್ಲಿ ಬಾ, ಪರೀಕ್ಷೆ ಮುಗಿದ ಮೇಲೆ ಹೋಗು. ದೇವದುರ್ಗ ತಾಲೂಕನ್ನು 2002ರಲ್ಲಿ ನಂಜುಂಡಪ್ಪ ಸಮಿತಿ ಅತ್ಯಂತ ಹಿಂದುಳಿದ ತಾಲೂಕುಗಳ ಪಟ್ಟಿಯಲ್ಲಿ ಸೇರಿಸಿತು. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ನೂರಕ್ಕೆ 75 ದಾಟಿದ್ದರೆ ರಾಯಚೂರು ಜಿಲ್ಲೆಯದು 60 ಮುಟ್ಟಲಿಲ್ಲ. ಇಂಥಲ್ಲಿ ಸಾಲಿ ನಡೆಸಿಕೊಂಡು ಹೋಗುವ ಕೈ ಎಷ್ಟೋ ಕಡೆ ಅತಿಥಿಗಳದು. 371(ಜೆ) ವಿಧಿ 2013ರಲ್ಲಿ ಜಾರಿಯಾಗಿ ಮುಲ್ಕಿ ಮತ್ತೆ ಸ್ಥಳೀಯ ವ್ಯಕ್ತಿ ಅನ್ನುವ ಹೊಸ ಹೆಸರಿನಲ್ಲಿ ಬಂದ. ಮಾಸ್ತರರ ಹುದ್ದೆ ಸೇರಿದ ಗ್ರೂಪ್ ಸಿಯಲ್ಲಿ ನೂರಕ್ಕೆ 80 ಅವನ ಪಾಲು. ಹೋರಾಡಿ ಪಡೆದದ್ದು, ಒಳ್ಳೆಯದೇ. ಆದರೆ ಹುದ್ದೆ ತುಂಬದಿದ್ದರೆ ನೂರಕ್ಕೆ 80 ಅನ್ನುವುದು ಬರೀ ಅಂಕಿ.

ಕಾಯಿದೆಯಲ್ಲಿಲ್ಲದ ಅರ್ಹತೆ

ಇನ್ನೊಂದು ಮಾತು ಮಾಸ್ತರರಿಗೇ ಹೇಳಬೇಕು. ಪ್ರಮಾಣಪತ್ರ ಬೇಡುವ ಮಾಸ್ತರ ಪ್ರಮಾಣಪತ್ರ ಕೊಡುವವನೂ ಹೌದು. ಸಾಲಿಯ ದಾಖಲಾತಿ ವಹಿಯಲ್ಲಿ ಅವನು ಬರೆದ ಜಾತಿಯೇ ಮುಂದೆ ತಹಸೀಲದಾರ ಕಚೇರಿಯಲ್ಲಿ ರುಜುವಾತು. ಅವನು ಬರೆದ ಹುಟ್ಟಿದ ತಾರೀಖೇ ಸಾಯುವತನಕ ಗಟ್ಟಿ. ನಮ್ಮ ಹಳ್ಳಿಗಳಲ್ಲಿ ಜೂನ್ 1ರಂದು ಹುಟ್ಟಿದವರು ಎಷ್ಟು ಮಂದಿ! ತಾಯಿ ಹೆತ್ತದ್ದು ಯಾವಾಗಲೋ, ಮಾಸ್ತರ ಹೆತ್ತದ್ದು ಸಾಲಿ ತೆರೆದ ದಿನ. ಹೆಸರು ಬರೆಯುವಾಗ ಊರಿನ ಮಗನಿಗೆ ಅಪ್ಪ, ಗೌಡ ಸೇರಿಸಿ, ಕೇರಿಯ ಮಗನಿಗೆ ಕರಿಯ, ತಿಪ್ಪ ಅಂತ ಮೊಟಕುಗೊಳಿಸಿದ ಕೈಯೂ ಮಾಸ್ತರರದೇ. ಆ ಕೈಗೆ ತರಬೇತಿಯ ಸರ್ಟಿಫಿಕೇಟು ಇತ್ತು.

ಶಿಕ್ಷಣ ಹಕ್ಕು ಕಾಯಿದೆಯ 17ನೇ ಕಲಮು ಮಗುವಿಗೆ ಹೊಡೆಯಬಾರದು, ಮನಸ್ಸಿಗೆ ಹಿಂಸೆ ಕೊಡಬಾರದು ಎನ್ನುತ್ತದೆ. 8ನೇ ಕಲಮು ದುರ್ಬಲ ವರ್ಗದ ಮಗುವಿಗೆ ಸಾಲಿಯಲ್ಲಿ ಭೇದ ಆಗದಂತೆ ಸರಕಾರ ನೋಡಿಕೊಳ್ಳಬೇಕು ಎನ್ನುತ್ತದೆ. 2020ರ ಶಿಕ್ಷಣ ನೀತಿ ಮಾಸ್ತರರಿಗೆ ರಾಷ್ಟ್ರಮಟ್ಟದ ವೃತ್ತಿಪರ ಮಾನದಂಡ ಬೇಕೆಂದಿತು. ಆದರೆ ಬಿಸಿಯೂಟದ ಸಾಲಿನಲ್ಲಿ ಯಾರನ್ನು ಎಲ್ಲಿ ಕೂಡ್ರಿಸಿದೆ, ನೀರಿನ ಕೊಡ ಯಾರು ಮುಟ್ಟಿದರು, ಕಕ್ಕಸು ತೊಳೆಯಲು ಯಾವ ಹುಡುಗನನ್ನು ಕಳಿಸಿದೆ, ಇವನ್ನು ನಾಲ್ಕು ಆಯ್ಕೆಗಳ ಪ್ರಶ್ನೆಪತ್ರಿಕೆ ಅಳೆಯಲಾರದು. 1856ರ ಧಾರವಾಡದ ಬಾಗಿಲಿನಲ್ಲಿ ಕಾಣೆಯಾಗಿದ್ದ ಅರ್ಹತೆ ಇದೇ. ಮಾಸ್ತರನಾಗಿ ನೇಮಕವಾಗಲು ಇದನ್ನು ಯಾರೂ ಇವತ್ತಿಗೂ ಕೇಳುತ್ತಿಲ್ಲ.

ಆದ್ದರಿಂದ ಗೆಳೆಯರೆ, ಮಾಸ್ತರರ ಸಂಘಗಳು ಟಿಇಟಿ ವಿರುದ್ಧ ದನಿ ಎತ್ತಿದಾಗ ನಾವು ಸುಮ್ಮನೆ ಹೌದಪ್ಪಗಳಾಗುವುದು ಬೇಡ, ಸುಮ್ಮನೆ ಬೈಯುವುದೂ ಬೇಡ. ಕೊಟ್ಟ ಮಾತು ಮುರಿದ ಸರಕಾರವನ್ನು ಅವರ ಜೊತೆ ನಿಂತು ಕೇಳೋಣ. 26ನೇ ಕಲಮಿನ ಪ್ರಕಾರ ನಮ್ಮ ಊರ ಸಾಲಿಯಲ್ಲಿ ಮಂಜೂರಾದ ಹುದ್ದೆ ಎಷ್ಟು, ಖಾಲಿ ಎಷ್ಟು ಅಂತ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕೋಣ. ಚೀಕಲಪರ್ವಿಯಿಂದ ದೇವದುರ್ಗದವರೆಗೆ ಪ್ರತಿ ಊರಿನಿಂದ ಒಂದೊಂದು ಅರ್ಜಿ ಹೋದರೆ ಸರಕಾರದ ಅಂಕಪಟ್ಟಿ ತಾನಾಗಿ ತಯಾರಾಗುತ್ತದೆ. ಅದೇ ಹೊತ್ತಿಗೆ ಸಂಘದ ಮಾಸ್ತರರಿಗೂ ಒಂದು ಮಾತು ಕೇಳೋಣ: ನಿಮ್ಮ ನೌಕರಿಗಾಗಿ ನಾವು ಬೀದಿಗೆ ಬರ್ತೀವಿ, ನಮ್ಮ ಕೇರಿಯ ಮಗು ನಿಮ್ಮ ಸಾಲಿಯೊಳಗೆ ಮೊದಲನೇ ಸಾಲಿನಲ್ಲಿ ಕೂಡುತ್ತದೇನು?